ಇಡೀ ದಿನ ಏನು ಮಾಡ್ತೀಯಾ?

ಒಂಬತ್ತು ದಿನದ ಹಿಂದೆ ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಬಂದಿತ್ತು. ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ತೋಟ ಪೂರ್ತಿ ಬೆಳ್ಳಗೆ. ರೊಬಸ್ಟಾ ಕಾಫಿ ಅರಳಿದೆ. ಮಲ್ಲಿಗೆಯಂಥ ಪರಿಮಳ ಅಂಗಳದವರೆಗೂ ಬಂದಿದೆ. ಗಿಡದ ಹತ್ತಿರ ಹೋದರೆ ಜೇನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲ್ಲ.

ಅಲ್ಲೇ ನಿಂತಿದ್ದಾಗ ಹಳೇ ಆಫೀಸಿನ ಗೆಳೆಯನ ಫೋನ್ ಬಂತು. ಖುಷಿಯಲ್ಲಿ ಹೂವಿನ ವಿಷಯ ಎಲ್ಲಾ ಹೇಳಿದೆ. ಕೇಳಿಸಿಕೊಂಡವನು ಕೊನೆಗೆ ಅದನ್ನೇ ಕೇಳಿದ. "ಅದೆಲ್ಲಾ ಸರಿ ಮಾರಾಯ, ಇಡೀ ದಿನ ಏನು ಮಾಡ್ತೀಯಾ?"

ಬೆಂಗಳೂರು ಬಿಟ್ಟು ಕೊಡಗಿನ ನಾಪೋಕ್ಲಿಗೆ ಬಂದು ಮೂರು ವರ್ಷ ಆಯ್ತು. ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದ್ದಾರೆ, ಸಂತೆಯಲ್ಲಿ ಕೇಳಿದ್ದಾರೆ, ಅಪ್ಪನ ತಿಥಿಯ ದಿನವೂ ಕೇಳಿದ್ದಾರೆ. ನನಗೆ ನಿಜವಾಗಲೂ ಸಿಟ್ಟು ಬರುತ್ತದೆ.

ಏನು ಮಾಡ್ತೀನಿ? ಕಣದಲ್ಲಿ ಕರಿಮೆಣಸು ಒಣಗುತ್ತಿದೆ, ಅದನ್ನು ಕೈಯಾಡಿಸಬೇಕು. ಈ ಹೂವು ಕಾಯಿ ಕಚ್ಚಬೇಕಾದರೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ಅದಕ್ಕೆ ಮೋಡ ನೋಡುತ್ತೇನೆ. ಬರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಕಾಯಿ ಹಣ್ಣಾಗುವುದಕ್ಕೆ 10-11 ತಿಂಗಳು. ನಾನು ನಾಲ್ಕು ಗಂಟೆಗೆ ಎದ್ದು ಕೂತರೂ ಅದು ಒಂದು ದಿನ ಮೊದಲು ಹಣ್ಣಾಗಲ್ಲ. ಇನ್ನು ರೊಬಸ್ಟಾ ಹೂವಿಗೆ ತನ್ನದೇ ಗಿಡದ ಪರಾಗ ಆಗಿಬರಲ್ಲ. ಗಾಳಿಯೋ ಜೇನೋ ಬೇರೆ ಗಿಡದ್ದು ತರಬೇಕು. ಆ ಮೂರ್ನಾಲ್ಕು ದಿನ ಔಷಧಿ ಹೊಡೆಯಬಾರದು, ಗಿಡದ ನಡುವೆ ಓಡಾಡಿ ಹೂವು ಉದುರಿಸಬಾರದು. ದೂರ ನಿಲ್ಲುವುದೇ ಕೆಲಸ. ಅಪ್ಪ ಹಾಗೇ ನಿಲ್ಲುತ್ತಿದ್ದರು, ಕೈ ಹಿಂದೆ ಕಟ್ಟಿಕೊಂಡು.

"ನಿನಗೆ ತೋಟ ಇದೆ, ಅದಕ್ಕೆ ಮಾತಾಡ್ತೀಯಾ" ಅಂತೀರಿ. ಹೌದು, ಅಪ್ಪ ಮಾಡಿಟ್ಟ ನಾಲ್ಕು ಎಕರೆ ಇದೆ. ಬಾಡಿಗೆ, ಸಾಲದ ಕಂತು ಇರುವವರಿಗೆ ಕೆಲಸ ಬಿಡಿ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಊಟ ಮಾಡುವಾಗ ಫೋನ್ ಬದಿಗಿಡುವುದಕ್ಕೆ ಎಕರೆ ಬೇಕಾ? ಭಾನುವಾರ ಸುಮ್ನೆ ಕೂರುವುದಕ್ಕೆ ತೋಟ ಬೇಕಾ? 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಊರೆಲ್ಲಾ ಜಗಳ ಆಡಿತು. ನಾನು ಅದಕ್ಕೂ ಮೊದಲೇ ಅಷ್ಟು ದುಡಿಯುತ್ತಿದ್ದೆ, ಯಾರೂ ಹೇಳದೆ. ನಡೆದ ಹೆಜ್ಜೆ, ಮಲಗಿದ ಗಂಟೆ, ಓದಿದ ಪುಟ, ಎಲ್ಲಕ್ಕೂ ಲೆಕ್ಕ ಇಟ್ಟಿದ್ದೆ.

ಅಪ್ಪನಿಗೂ.

ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಒಂದು ಸಲ ಅಪ್ಪ ಬೆಂಗಳೂರಿಗೆ ಬಂದಿದ್ದಾಗ ನನ್ನ ಲ್ಯಾಪ್‌ಟಾಪಿನ ಕ್ಯಾಲೆಂಡರ್ ನೋಡಿದರು. ಪ್ರತಿ ದಿನ ರಾತ್ರಿ ಎಂಟಕ್ಕೆ 'ಅಪ್ಪ, 10 ನಿಮಿಷ' ಅಂತ ಇತ್ತು. ಅವರು ಏನೂ ಅನ್ನಲಿಲ್ಲ. ಊರಿಗೆ ಹೋದ ಮೇಲೆ ಅವರ ಮಾತು ಹತ್ತು ನಿಮಿಷ ದಾಟಲೇ ಇಲ್ಲ. ಆ ವರ್ಷ ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅಮ್ಮ ಆ ದಿನದ ರೂಢಿಯಂತೆ ಮದ್ದುಸೊಪ್ಪಿನ ಪಾಯಸ ಮಾಡಿದ್ದರು. ಅಪ್ಪ ವಿಡಿಯೋದಲ್ಲಿ ಆ ನೇರಳೆ ಬಣ್ಣದ ಬಟ್ಟಲು ತೋರಿಸಿ, ಸೊಪ್ಪು ಈ ಸಲ ತೋಡಿನ ಬದಿಯಲ್ಲಿ ಎಷ್ಟು ಚೆನ್ನಾಗಿ ಬಂದಿದೆ ಅಂತ ಶುರು ಮಾಡಿದರು. ಅರ್ಧಕ್ಕೆ ತಾವೇ ನಿಲ್ಲಿಸಿ, "ನಿನ್ನ ಟೈಮ್ ಆಯ್ತು ಮಗ, ಇಡ್ತೀನಿ" ಅಂದರು. ನಾನು "ಸರಿ ಅಪ್ಪ" ಅಂದೆ.

ಮುಂದಿನ ಕಕ್ಕಡಕ್ಕೆ ಅವರು ಇರಲಿಲ್ಲ.

ಗೆಳೆಯನಿಗೆ ಇಷ್ಟೆಲ್ಲಾ ಹೇಳಲು ಆಗಲಿಲ್ಲ, ಇಲ್ಲಿ ಬರೆದೆ. ಹೂವು ಇನ್ನು ಎರಡು ದಿನ ಇರುತ್ತೆ. ಬರುವವರು ಅಷ್ಟರೊಳಗೆ ಬನ್ನಿ. ಅಮ್ಮ ನೂಪುಟ್ಟು, ನಮ್ಮ ಅಕ್ಕಿ ಶಾವಿಗೆ, ಮಾಡ್ತಾರೆ.