ಓಷಿಯಾನಿಯಾದ ಎಲ್ಲ ಮನೆಗಳಲ್ಲೂ ಟೆಲಿಸ್ಕ್ರೀನ್ ಇರಲಿಲ್ಲ: ಸ್ಪಷ್ಟನೆ
ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯಲ್ಲಿ (1949) ಓಷಿಯಾನಿಯಾ ಎಂಬ ಕಲ್ಪಿತ ದೇಶದ ಪ್ರತಿಯೊಬ್ಬ ಪ್ರಜೆಯ ಮನೆಯಲ್ಲೂ ಟೆಲಿಸ್ಕ್ರೀನ್ (ಎದುರಿಗಿರುವವರನ್ನು ನೋಡುವ, ಅವರ ಮಾತು ಕೇಳಿಸಿಕೊಳ್ಳುವ ಪರದೆ) ಇದ್ದು, ಎಲ್ಲರೂ ಒಂದೇ ಬಗೆಯ ಕಣ್ಗಾವಲಿನಲ್ಲಿ ಬದುಕುತ್ತಾರೆಂಬ ಮಾತು ಹರಿದಾಡುತ್ತಿದೆ, ಅದು ಸರಿಯಲ್ಲ. ಜನಸಂಖ್ಯೆಯ ಶೇ. 85ರಷ್ಟಿರುವ ಶ್ರಮಿಕರಲ್ಲಿ ಬಹುತೇಕರ ಮನೆಗಳಲ್ಲಿ ಆ ಯಂತ್ರವೇ ಇಲ್ಲವೆಂದು ಕಾದಂಬರಿಯೇ ಹೇಳುತ್ತದೆ. ಬಿಡುವಿಲ್ಲದ ನಿಗಾ ಇರುವುದು ಆಳುವ ಪಕ್ಷದ ಸದಸ್ಯರ ಮೇಲೆ. ಅಂಥ ಸದಸ್ಯನಾದ ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಟೆಲಿಸ್ಕ್ರೀನಿನತ್ತ ತಿರುಗುವಾಗ ಮುಖಕ್ಕೆ ಶಾಂತಭಾವ ತಂದುಕೊಳ್ಳುವುದು, ಅದರ ಕಣ್ಣಿಗೆ ಬೀಳದ ಗೋಡೆಯ ಮೂಲೆಯಲ್ಲಿ ಕುಳಿತು ದಿನಚರಿ ಬರೆಯುವುದು, ಇವೆಲ್ಲ ಆ ನಿಗಾ ಕಲಿಸಿದ ನಡವಳಿಕೆಗಳು. ಅವನ್ನು ಅವನ ಹುಟ್ಟುಗುಣವೆಂದು ಓದಿದರೆ ಕಾದಂಬರಿಯ ಅರ್ಧ ತಿರುಳೇ ಕೈತಪ್ಪುತ್ತದೆ. ಅವನಿರುವ ಅದೇ ಲಂಡನ್ನಿನಲ್ಲಿ ಶ್ರಮಿಕ ಹೆಂಗಸೊಬ್ಬಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತ ಗಟ್ಟಿಯಾಗಿ ಹಾಡುತ್ತಾಳೆ. ಹಾಗೆಂದು ಶ್ರಮಿಕರು ಸ್ವತಂತ್ರರೆಂದಲ್ಲ: ಜನರ ಆಲೋಚನೆಗಳ ಮೇಲೇ ಕಣ್ಣಿಡುವ ವಿಚಾರ ಪೊಲೀಸರ ಕೆಲವು ಗೂಢಚಾರರು ಅವರ ನಡುವೆಯೂ ಓಡಾಡುತ್ತ, ಅಪಾಯಕಾರಿಯಾಗಬಲ್ಲವರನ್ನು ಗುರುತಿಸಿ ಇಲ್ಲವಾಗಿಸುತ್ತಾರೆ.