ಹಿಟ್ಟು ಉಬ್ಬುವಷ್ಟು ದೂರ

ಬಸವನಗುಡಿಯ ನಮ್ಮ ದೊಡ್ಡಮ್ಮನಿಗೆ ದೂರವನ್ನು ಕಿಲೋಮೀಟರಿನಲ್ಲಿ ಹೇಳಿದರೆ ಸಮಾಧಾನವಾಗುವುದಿಲ್ಲ. ಹಿಂದಿನವರು ಹರದಾರಿ, ಗಾವುದಗಳಿದ್ದರೂ ಹತ್ತಿರದ ಊರನ್ನು ಕೂಗಳತೆಯಲ್ಲಿದೆ ಎಂದೇ ಹೇಳುತ್ತಿದ್ದರಲ್ಲ, ಅವರೂ ಅದೇ ಜಾತಿಗೆ ಸೇರಿದವರು. ಒಂದು ಜನವರಿಯಲ್ಲಿ ಅವರ ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ನೇರ ವಿಮಾನದಲ್ಲಿ ಬರುವುದಾಗಿ ತಿಳಿಸಿದಾಗ, "ಎಷ್ಟು ದೂರವೋ ಅದು?" ಎಂದು ನನ್ನನ್ನು ಕೇಳಿದರು. ಸುಮಾರು 14,000 ಕಿಲೋಮೀಟರ್, ಎಂದರೆ ಮೈಸೂರಿಗೆ ನೂರು ಸಲ ಹೋದಷ್ಟು ಎಂದೆ. ಅವರ ಮುಖದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ.

ಗೋಡೆಯ ಭೂಪಟವನ್ನು ನಂಬಿದರೆ ಆ ವಿಮಾನ ಪೆಸಿಫಿಕ್ ಸಾಗರವನ್ನು ದಾಟಿಯೇ ಬರಬೇಕು. ಆದರೆ ಮನೆಯಲ್ಲಿದ್ದ ಹಳೆಯ ಭೂಗೋಳದ ಮೇಲೆ, ಗಾಂಧಿ ಬಜಾರಿನಿಂದ ತಂದ ಹೂವನ್ನು ಕಟ್ಟಿ ಉಳಿದಿದ್ದ ದಾರವನ್ನು ಎರಡೂ ಊರುಗಳ ನಡುವೆ ಬಿಗಿಯಾಗಿ ಹಿಡಿದಾಗ, ಅದು ತಾನಾಗಿಯೇ ಜಾರಿ ಉತ್ತರ ಧ್ರುವದ ಬಳಿಗೆ ಹೋಗಿ ನಿಂತಿತು. ಎರಡು ಊರುಗಳೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ನೆತ್ತಿಯ ಮೇಲೆ ಹಾಯುವುದೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಊರುಗಳ ನಡುವೆ ಮೊದಲ ನೇರ ವಿಮಾನವನ್ನು ಹಾರಿಸಿದಾಗ, ಮಹಿಳಾ ಪೈಲಟ್‌ಗಳೇ ಅದನ್ನು ಧ್ರುವದ ಮಾರ್ಗವಾಗಿ ತಂದಿದ್ದರು.

ಗಂಟೆಗೆ 900 ಕಿಲೋಮೀಟರ್ ವೇಗವೆಂದು ಭಾಗಿಸಿದರೆ ಹದಿನೈದೂವರೆ ಗಂಟೆ ಸಾಕು. ವೇಳಾಪಟ್ಟಿ ಮಾತ್ರ ಹದಿನೇಳಕ್ಕೂ ಮೇಲೆ ಹೇಳುತ್ತಿತ್ತು. ರನ್‌ವೇ ತನಕ ತೆವಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಆ ಲೆಕ್ಕದೊಳಗೇ ಸೇರುತ್ತವೆ. ಗಾಳಿಯ ಪಾಲು ಬೇರೆ: ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಸಾದ ಗಾಳಿಯಿಂದಾಗಿ, ಬೆಂಗಳೂರಿನಿಂದ ಲಂಡನ್ನಿಗೆ ಹೋಗಲು ಅಲ್ಲಿಂದ ಬರುವುದಕ್ಕಿಂತ ಸುಮಾರು ಒಂದು ಗಂಟೆ ಹೆಚ್ಚು ಹಿಡಿಯುತ್ತದೆ.

ದೊಡ್ಡಮ್ಮನನ್ನು ಕಾಡಿದ್ದು ಇದಾವುದೂ ಅಲ್ಲ, ಭಾನುವಾರ. ಅಕ್ಕ ಶನಿವಾರ ರಾತ್ರಿ ಹೊರಟು ಸೋಮವಾರ ನಸುಕಿಗೆ ಇಳಿಯುತ್ತಾಳೆ, ಆದರೂ ಪ್ರಯಾಣ ಹದಿನೇಳು ಗಂಟೆ ಮಾತ್ರ ಎಂದರೆ ನಡುವಿನ ಆ ಒಂದು ದಿನವನ್ನು ಯಾರು ತಿಂದರು? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ ಎಂದು ಬೆರಳು ಮಡಿಚಿ ವಿವರಿಸಿದೆ. ಅಕ್ಕನಿಗಂತೂ ಆ ಭಾನುವಾರದ ಬೆಳಕು ನಿಜವಾಗಿಯೂ ದಕ್ಕಲಿಲ್ಲ: ಹೊರಟಾಗ ಅಲ್ಲಿ ರಾತ್ರಿ, ಜನವರಿಯ ಧ್ರುವದಲ್ಲಿ ಸೂರ್ಯನೇ ಇಲ್ಲ, ಆಮೇಲೆ ಸೈಬೀರಿಯಾದ ಇರುಳು, ಕೊನೆಗೆ ದೇವನಹಳ್ಳಿಯ ಕತ್ತಲು.

"ಹಾಗಾದರೆ ವಿಮಾನ ಹೊರಡುವಾಗ ಇಲ್ಲಿ ಎಷ್ಟು ಗಂಟೆ?" ಎಂದು ಅವರು ಮತ್ತೆ ಕೇಳಿದರು. ಅಲ್ಲಿ ರಾತ್ರಿ ಎಂಟೂವರೆಯಾದರೆ ಇಲ್ಲಿ ಭಾನುವಾರ ಬೆಳಗಿನ ಹತ್ತು ಎಂದೆ. ಆಗ ಅವರ ಮುಖ ಅರಳಿತು. ಹತ್ತಕ್ಕೆ ಅಕ್ಕಿ, ಉದ್ದು ನೆನೆಹಾಕಿದರೆ ಮೂರಕ್ಕೆ ರುಬ್ಬಬಹುದು, ರಾತ್ರಿಯೆಲ್ಲ ಇಟ್ಟರೆ ಚಳಿಯಲ್ಲೂ ಹಿಟ್ಟು ಉಬ್ಬುತ್ತದೆ, ಅವಳು ಇಳಿಯುವ ಹೊತ್ತಿಗೆ ಇಡ್ಲಿಗೆ ಹದವಾಗಿರುತ್ತದೆ ಎಂದು ಅವರೇ ಲೆಕ್ಕ ಮುಗಿಸಿದರು.

ಭಾನುವಾರ ಹತ್ತು ಗಂಟೆಗೆ ನಾನು ಫೋನಿನಲ್ಲಿ ವಿಮಾನದ ಗುರುತನ್ನು ಹುಡುಕುತ್ತಿದ್ದಾಗ, ಅಡುಗೆಮನೆಯಲ್ಲಿ ಪಾತ್ರೆಗೆ ನೀರು ಸುರಿಯುವ ಸದ್ದು ಕೇಳಿಸಿತು.