ಚೆನ್ನಾಗಿ ಒಣಗಿಸಿದವರಿಗೇ ತೂಕದಲ್ಲಿ ನಷ್ಟ

100 ಕೆಜಿ ಕಾಳುಮೆಣಸು ಇದೆ ಅಂದುಕೊಳ್ಳಿ. ಅದರಲ್ಲಿ ತೇವ 15%. ಇನ್ನೆರಡು ಬಿಸಿಲು ಕೊಟ್ಟು 12%ಕ್ಕೆ ಇಳಿಸಿದರೆ 3 ಕೆಜಿಗೂ ಜಾಸ್ತಿ ತೂಕ ಹೋಗುತ್ತದೆ. ಕೊಳ್ಳುವವರು ಎರಡಕ್ಕೂ ಒಂದೇ ರೇಟು ಕೊಟ್ಟರೆ, ಚೆನ್ನಾಗಿ ಒಣಗಿಸಿದ ರೈತರಿಗೆ ಸಿಕ್ಕಿದ್ದೇನು? ಶ್ರಮ ಜಾಸ್ತಿ, ದುಡ್ಡು ಕಡಿಮೆ.

ಸಾಂಬಾರ ಪದಾರ್ಥಗಳ ರಫ್ತಿನ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಲೆಕ್ಕ. ಚರ್ಚೆಯೆಲ್ಲ ಡಾಲರ್, ಸುಂಕ, ಹಡಗಿನ ಬಾಡಿಗೆ ಅಂತ ನಡೆಯುತ್ತದೆ. ಅವೂ ಮುಖ್ಯವೇ. ಆದರೆ ಬಹಳಷ್ಟು ಮಾಲು ಸೋಲುವುದು ಬಂದರಿಗೆ ಹೋಗುವ ಮೊದಲೇ, ಒಣಗಿಸುವ ಕಣದಲ್ಲಿ.

ತೇವ ಉಳಿದರೆ ಬೂಷ್ಟು ಬರುತ್ತದೆ. ಕೆಲವು ಬೂಷ್ಟುಗಳಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯುರೋಪ್ ಒಕ್ಕೂಟದಲ್ಲಿ ಮೆಣಸಿನಕಾಯಿ, ಕಾಳುಮೆಣಸು, ಜಾಯಿಕಾಯಿ, ಶುಂಠಿ, ಅರಿಶಿನಕ್ಕೆ ಇದರ ಒಟ್ಟು ಮಿತಿ ಕೆಜಿಗೆ 10 ಮೈಕ್ರೋಗ್ರಾಂ. ಅಂದರೆ ಸಾವಿರ ಟನ್ ಮಾಲಿನಲ್ಲಿ 10 ಗ್ರಾಂ! ಈ ವಿಷ ತೊಳೆದರೆ ಹೋಗುವುದಿಲ್ಲ. ಹಬೆ ಕೊಟ್ಟರೆ ರೋಗಾಣು ಸಾಯಬಹುದು, ಇದು ಹೋಗುವುದಿಲ್ಲ. ಇನ್ನೊಂದು ಕಷ್ಟ ಅಂದರೆ ಇದು ಮಾಲಿನಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ನೂರು ರೈತರ ಮಾಲು ಒಂದೇ ರಾಶಿಗೆ ಬೀಳುತ್ತದೆ. ಅದರಲ್ಲಿ ನಾಲ್ಕು ಚೀಲ ಹಾಳಿದ್ದರೂ ಸಾಕು, ಉಳಿದವರು ಪಟ್ಟ ಶ್ರಮವೆಲ್ಲ ನೀರುಪಾಲು.

ಇಳುವರಿ ಜಾಸ್ತಿಯಾದರೆ ಗೆದ್ದಂತೆ ಅನ್ನುವವರು ವಿಯೆಟ್ನಾಂ ಕಡೆ ಕೈ ತೋರಿಸುತ್ತಾರೆ. 1990ರ ಸುಮಾರಿಗೆ ಕಾಳುಮೆಣಸಿನ ವ್ಯಾಪಾರದಲ್ಲಿ ಅದು ಸಣ್ಣ ದೇಶ. ಈಗ ವರ್ಷಕ್ಕೆ 2 ಲಕ್ಷ ಟನ್ನಿಗೂ ಜಾಸ್ತಿ ಕಳಿಸುವ, ಜಗತ್ತಿನ ಅತಿ ದೊಡ್ಡ ರಫ್ತುದಾರ. ನಿಜಕ್ಕೂ ದೊಡ್ಡ ಸಾಧನೆ. ಆದರೆ ಆ ಇಳುವರಿಗಾಗಿ ಹೊಡೆದ ಔಷಧಿಯ ಅಂಶ ಕಾಳಿನಲ್ಲಿ ಉಳಿದು ಯುರೋಪಿನಿಂದ ತಕರಾರು ಬಂದಿದ್ದೂ ಅಷ್ಟೇ ನಿಜ, ಅಲ್ವಾ?

ನಿಯಮ ಮಾಡುವವರ ಮೇಲೂ ನನಗೆ ಬೇಸರವಿದೆ. ಎಥಿಲೀನ್ ಆಕ್ಸೈಡ್ ಎಂಬ ಅನಿಲದಿಂದ ಮಸಾಲೆಯ ರೋಗಾಣು ಕೊಲ್ಲುತ್ತಾರೆ. ಅದರ ಉಳಿಕೆ ಕೆಜಿಗೆ 7 ಮಿಲಿಗ್ರಾಂವರೆಗೆ ಇದ್ದರೂ ಅಮೆರಿಕ ಒಪ್ಪುತ್ತದೆ. ಯುರೋಪಿನಲ್ಲಿ ಮಿತಿ 0.1. ಒಂದೇ ಲಾಟು ಒಂದು ಕಡೆ ಪಾಸು, ಇನ್ನೊಂದು ಕಡೆ ಫೇಲು. ಮಸಾಲೆಗೆ ಎಲ್ಲರೂ ಒಪ್ಪುವ ಮಾನದಂಡ ಮಾಡಲೆಂದು, ಆಹಾರಕ್ಕೆ ಅಂತಾರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್ ಸಂಸ್ಥೆ 2013ರಲ್ಲಿ ಒಂದು ಸಮಿತಿ ಮಾಡಿತು. ಉಳಿಕೆಯ ಮಿತಿಗಳಲ್ಲೂ ಅಂಥ ಒಮ್ಮತ ಬೇಗ ಬರಬೇಕು. ಹಾಗಂತ ಬಿಗಿ ನಿಯಮವನ್ನೇ ಸುಮ್ನೆ ಬೈದು ಕೂರುವುದೂ ಸರಿಯಲ್ಲ. ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ.

ಮನಸ್ಸು ಮಾಡಿದರೆ ಎಷ್ಟು ಬೇಗ ಸರಿಮಾಡಬಹುದು ಅನ್ನುವುದಕ್ಕೆ ಬಾಂಗ್ಲಾದೇಶ ನೋಡಿ. ಅಲ್ಲಿ ಬಣ್ಣ ಚೆನ್ನಾಗಿ ಕಾಣಲೆಂದು ಅರಿಶಿನಕ್ಕೆ ಸೀಸದ ಕ್ರೋಮೇಟ್ ಎಂಬ ವಿಷದ ಹಳದಿ ಪುಡಿ ಬೆರೆಸುತ್ತಿದ್ದರು. 2019ರಲ್ಲಿ ಪರೀಕ್ಷಿಸಿದ ಮಾದರಿಗಳಲ್ಲಿ 47%ರಲ್ಲಿ ಸೀಸ ಸಿಕ್ಕಿತ್ತು. ವ್ಯಾಪಾರಿಗಳಿಗೆ ತಿಳಿಹೇಳಿದರು, ಮಾರುಕಟ್ಟೆಯಲ್ಲೇ ಪರೀಕ್ಷೆ ಮಾಡಿದರು, ದಂಡ ಹಾಕಿದರು. 2021ರ ಹೊತ್ತಿಗೆ ಸೊನ್ನೆ. ಎರಡೇ ವರ್ಷ! ತಪ್ಪು ನಡೆಯುವ ಜಾಗಕ್ಕೇ ಹೋಗಿದ್ದರಿಂದ ಇದು ಸಾಧ್ಯವಾಯಿತು ಅಂತ ನಾನು ನಂಬುತ್ತೇನೆ.

ಒಣಗಿಸುವ ವಿಷಯದಲ್ಲೂ ಹಾಗೇ ಮಾಡಬಹುದು. ರೈತರಿಂದ ಮೊದಲು ಕೊಳ್ಳುವ ಕಡೆಯೇ ತೇವ ಅಳೆಯುವ ಮೀಟರ್ ಇರಲಿ. ಅದು ತೋರಿಸುವುದು ರೈತರಿಗೂ ಕಾಣಲಿ. 12% ತೇವದ ಮಾಲಿಗೆ, ಹೋದ ತೂಕವನ್ನೂ ಸೇರಿಸಿ ಜಾಸ್ತಿ ರೇಟು ಅಲ್ಲೇ ಕೊಡಲಿ. ವಾಪಸ್ ಬರುವ ಒಂದು ಕಂಟೈನರ್‌ಗೆ ಆಗುವ ಖರ್ಚಿನಲ್ಲಿ ಇಂಥ ಎಷ್ಟು ಮೀಟರ್ ಕೊಳ್ಳಬಹುದು ಅಂತ ರಫ್ತುದಾರರು ಒಮ್ಮೆ ಲೆಕ್ಕ ಹಾಕಿ ನೋಡಲಿ.